ಮೆಟಲ್ ಕೇಳೋಕೆ ಯಾವ ಹೆಡ್‌ಫೋನ್? ಹುಬ್ಬಳ್ಳಿ-ಧಾರವಾಡದ ಮಂದಿಗೊಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ 'ಎಕ್ಸ್‌ಟ್ರಾ ಬೇಸ್' (ಬೇಸ್ ಅಂದರೆ ಕೆಳಗಿನ, ಗುಮ್ಮೆನ್ನುವ ಸದ್ದು) ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ, ಮೆಟಲ್ (ಗಿಟಾರ್, ಡ್ರಮ್ಸ್‌ನ ಭಾರಿ ಗದ್ದಲದ ರಾಕ್ ಸಂಗೀತ) ಕೇಳುವವರು ಅದನ್ನು ಅಲ್ಲೇ ಇಟ್ಟು ಮುಂದೆ ಹೋಗಬಹುದು. ಕೊಪ್ಪಿಕರ್ ರಸ್ತೆಯಲ್ಲಿ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ 'ಗದ್ದಲದ ಹಾಡು ಕೇಳ್ತೀನಿ, ಒಳ್ಳೆ ಹೆಡ್‌ಫೋನ್ ಕೊಡಿ' ಅಂದರೆ ಮೊದಲು ಕೈಗೆ ಬರುವುದೇ ಅದು. ಅಂಗಡಿಯವರದೇನೂ ತಪ್ಪಿಲ್ಲ, ಬರುವ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದೂ ಅದೇ. ಆದರೆ ಮೆಟಲ್‌ನ ಭಾರ ಕೂತಿರುವುದು ಗಿಟಾರ್‌ನಲ್ಲಿ. ಬೇಸ್ ಉಬ್ಬಿಸಿದಷ್ಟೂ ಗಿಟಾರ್ ಮುಳುಗುತ್ತದೆ. ಗಿಟಾರ್ ಮುಳುಗಿದ ಮೇಲೆ ಉಳಿಯೋದೇನು? ಗುಂಯ್ ಅನ್ನೋ ಸದ್ದು, ಅದರ ಮೇಲೆ ಒಬ್ಬ ಕಿರುಚುತ್ತಿರುತ್ತಾನೆ ಅಷ್ಟೇ.

ಗಿಟಾರ್ ಎಲ್ಲಿ ಕೂತಿದೆ ನೋಡಿ

ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರಾಗಬೇಡಿ. ಮಾಮೂಲಿ ಶ್ರುತಿಯ ಗಿಟಾರ್‌ನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 82 ಸಲ, ಮಿಡಿಯುತ್ತದೆ. ಏಳು ತಂತಿಯ ಗಿಟಾರ್ ಆದರೆ 62ರ ಹತ್ತಿರ, ಎಂಟು ತಂತಿಯದಾದರೆ 46. ಬೇಸ್ ಗಿಟಾರ್ 41. ಇದು ಬುಡ ಮಾತ್ರ. ಡಿಸ್ಟಾರ್ಶನ್ (ಗಿಟಾರ್ ಸದ್ದನ್ನು ಬೇಕಂತಲೇ ಒಡೆಯುವುದು) ಹಾಕಿದ ಕೂಡಲೇ ಆ ಒಂದೇ ಸ್ವರದ ಮೇಲೆ ಹಾರ್ಮೋನಿಕ್‌ಗಳ, ಅಂದರೆ ಅದರ ಮೇಲಿನ ಸ್ವರಗಳ, ದೊಡ್ಡ ರಾಶಿ ಏಳುತ್ತದೆ, ಅದು ನಾಲ್ಕೈದು ಸಾವಿರ ಹರ್ಟ್ಸ್‌ವರೆಗೂ ಹೋಗುತ್ತದೆ, ನಾವು 'ಎಂಥಾ ರಿಫ್ ಗುರು' (ರಿಫ್ ಅಂದರೆ ಮರುಕಳಿಸುವ ಗಿಟಾರ್ ತುಣುಕು) ಅಂತ ತಲೆ ಆಡಿಸುವುದು ಈ ರಾಶಿಗೇ. ಸ್ನೇರ್ ಡ್ರಮ್, ಗ್ರೌಲ್ (ಗುರುಗುಟ್ಟುವ ಹಾಡುಗಾರಿಕೆ), ಲೀಡ್ ಗಿಟಾರ್ ಎಲ್ಲವೂ ಅದೇ ಜಾಗದಲ್ಲಿ ಗುದ್ದಾಡುತ್ತಿರುತ್ತವೆ. ಬೇಸ್ ಡ್ರಮ್ ಕೂಡ! ಮೆಟಲ್ ರೆಕಾರ್ಡಿಂಗ್‌ನಲ್ಲಿ ಡಬಲ್ ಬೇಸ್ (ಎರಡೂ ಕಾಲಲ್ಲಿ ಬಾರಿಸುವ ಬೇಸ್ ಡ್ರಮ್) ಬಿಡಿಬಿಡಿಯಾಗಿ ಕೇಳಬೇಕಾದರೆ ಅದರ 'ಟಕ್' ಅನ್ನೋ ಏಟು ಬೇಕು. ಆ ಟಕ್ ಇರುವುದು 3ರಿಂದ 5 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕು ಏಟಿನಂತೆ ಡ್ರಮ್ಮರ್ ಎರಡೂ ಕಾಲಲ್ಲಿ ತುಳಿದರೆ ಸೆಕೆಂಡಿಗೆ 13ಕ್ಕಿಂತ ಜಾಸ್ತಿ ಏಟು ಬೀಳುತ್ತವೆ. ಇದನ್ನು ಸಡಿಲ ಬೇಸ್‌ನ ಹೆಡ್‌ಫೋನ್‌ನಲ್ಲಿ ಕೇಳಿದರೆ ಏಟುಗಳೆಲ್ಲ ಕಲಸಿ ಮುದ್ದೆಯಾಗುತ್ತವೆ.

ಮೆಟಲ್‌ಗೆ ಗಿಟಾರ್ ಶ್ರುತಿಯನ್ನು ಮಾಮೂಲಿಗಿಂತ ಕೆಳಗೆ ಇಳಿಸುವ ಚಟ ಹತ್ತಿದ್ದೂ ಒಂದು ಅಪಘಾತದಿಂದ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ಅಂದರೆ ತಂತಿ ಒತ್ತುವ ಕೈಯೇ ಅದು. ಮುಂದೆ 1971ರ ಹೊತ್ತಿಗೆ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿ ನುಡಿಸಿದರು, ಬೆರಳಿಗೂ ಹಗುರವಾಯಿತು, ಸದ್ದೂ ದಪ್ಪವಾಯಿತು. ಗೋಕುಲ ರೋಡ್ ಕಡೆ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವವರಿಗೆ ಈ ಕತೆ ಬೇಗ ತಾಗುತ್ತದೆ.

ನೀವು ಕೇಳುವ ಮೆಟಲ್ ಯಾವುದು ಅನ್ನೋದೂ ಮುಖ್ಯ. ವೇಗದ ಥ್ರ್ಯಾಶ್ ಮತ್ತು ಹಳೆ ಹೆವಿ ಮೆಟಲ್‌ಗೆ ಗಿಟಾರ್ ಮುಂದೆ ಬರಬೇಕು, ಬೇಸ್ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ನಿಧಾನದ, ಭಾರದ ಡೂಮ್, ಸ್ಲಡ್ಜ್, ಎಂಟು ತಂತಿಯ ಜೆಂಟ್ ಇಂಥ ಬಗೆಗಳಿಗೆ 40-60 ಹರ್ಟ್ಸ್ ನಿಜಕ್ಕೂ ಕೇಳಬೇಕು, ಇಲ್ಲದಿದ್ದರೆ ಅರ್ಧ ಹಾಡೇ ಇಲ್ಲ. ಡೆತ್ ಮೆಟಲ್‌ಗೆ ಎರಡೂ ಬೇಕು, ಅದಕ್ಕೇ ಅದು ಒಳ್ಳೆ ಪರೀಕ್ಷೆ. 90ರ ದಶಕದ ನಾರ್ವೆಯ ಬ್ಲ್ಯಾಕ್ ಮೆಟಲ್ ಇದೆಯಲ್ಲ, ಅದನ್ನು ಬೇಕಂತಲೇ ಒರಟಾಗಿ, ಕಿವಿಗೆ ಚುಚ್ಚುವ ಹಾಗೆ ರೆಕಾರ್ಡ್ ಮಾಡಿದ್ದಾರೆ. ಚೂಪು ಟ್ರೆಬಲ್ (ಮೇಲಿನ, ತೆಳು ಸದ್ದು) ಇರುವ ಹೆಡ್‌ಫೋನ್‌ನಲ್ಲಿ ಕೇಳಿದರೆ ಹತ್ತು ನಿಮಿಷಕ್ಕೆ ತಲೆನೋವು ಗ್ಯಾರಂಟಿ.

ಓಪನ್ನೋ ಕ್ಲೋಸ್ಡೋ: ಮನೆ ನೋಡಿ ನಿರ್ಧರಿಸಿ

ಓಪನ್ ಬ್ಯಾಕ್ ಅಂದರೆ ಕಪ್‌ನ ಹಿಂಬದಿ ಜಾಲರಿ ಇರುವ ಹೆಡ್‌ಫೋನ್. ಸದ್ದು ಹೊರಗೆ ಹೋಗುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಕಪ್‌ನ ಒಳಗೆ ಸದ್ದು ಬಡಿದು ವಾಪಸ್ ಬರುವುದು ಕಡಿಮೆ, ಹಾಗಾಗಿ ಎಡಗಡೆ ಗಿಟಾರ್ ಎಡಕ್ಕೆ, ಬಲಗಡೆಯದು ಬಲಕ್ಕೆ, ನಡುವೆ ಡ್ರಮ್ಸ್ ಅಂತ ಜಾಗ ಬಿಟ್ಟು ಕೂರುತ್ತವೆ. ಮೆಟಲ್‌ನ ದಟ್ಟ ಸದ್ದಿಗೆ ಇದು ದೊಡ್ಡ ಉಪಕಾರ. ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್‌ನಲ್ಲಿ ಬೇಸ್‌ನ ಗುದ್ದು ಜಾಸ್ತಿ, ಮನೆಯವರಿಗೆ ಕಾಟ ಕಡಿಮೆ, ಆದರೆ ಎಲ್ಲ ಸ್ವಲ್ಪ ತಲೆಯೊಳಗೇ ಗುಂಪಾಗಿ ಕೂತ ಹಾಗೆ ಅನಿಸುತ್ತದೆ.

ಸಪ್ತಾಪುರದಲ್ಲೋ ವಿದ್ಯಾನಗರದಲ್ಲೋ ಪಿಜಿಯಲ್ಲಿ ಮೂವರು ಒಂದೇ ಕೋಣೆಯಲ್ಲಿದ್ದರೆ ಓಪನ್ ಬ್ಯಾಕ್ ಮಾತೇ ಬೇಡ. ರಾತ್ರಿ ಹನ್ನೊಂದಕ್ಕೆ ನಿಮ್ಮ ಬ್ಲಾಸ್ಟ್ ಬೀಟ್ (ಡ್ರಮ್ಸ್‌ನ ಅತಿ ವೇಗದ ಬಡಿತ) ಪಕ್ಕದ ಮಂಚದವನಿಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿರುತ್ತದೆ. ಸ್ವಂತ ಕೋಣೆ, ಮುಚ್ಚುವ ಬಾಗಿಲು, ರಸ್ತೆಯಿಂದ ಸ್ವಲ್ಪ ಒಳಗಿರುವ ಮನೆ, ಈ ಮೂರೂ ಇದ್ದರೆ ಓಪನ್ ತಗೊಳ್ಳಿ. ಧಾರವಾಡದ ಹಳೆ ಬಡಾವಣೆಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಕೇಶ್ವಾಪುರದ ಮುಖ್ಯರಸ್ತೆಗೆ ಕಿಟಕಿ ಇದ್ದವರು ಆಸೆ ಬಿಡಿ.

ಎದುರುಬದುರು

ಕ್ಲೋಸ್ಡ್‌ನಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್. 38 ಓಮ್ (ಸಾಮಾನ್ಯವಾಗಿ ಓಮ್ ಜಾಸ್ತಿಯಾದಷ್ಟೂ ಫೋನ್‌ನಿಂದ ಓಡಿಸೋದು ಕಷ್ಟ), ಫೋನಿಗೇ ಹಾಕಿದರೂ ಚೆನ್ನಾಗಿ ಓಡುತ್ತದೆ, ಕೇಬಲ್ ಬಿಚ್ಚಬಹುದು, ಡಬ್ಬಿಯಲ್ಲೇ ಮೂರು ಕೇಬಲ್ ಬರುತ್ತವೆ. ಬೇಸ್ ಸ್ವಲ್ಪ ಉಬ್ಬಿದೆ, ಆದರೆ ಬಿಗಿಯಾಗಿದೆ. ನನಗೆ ಕೇಳಿದರೆ ಮೆಟಲ್‌ಗೆ ಅದರ ತಮ್ಮ ಎಂ40ಎಕ್ಸ್ ಇನ್ನೂ ಮೇಲು. ಬೆಲೆ ಕಡಿಮೆ, ಬೇಸ್ ಸಮತಟ್ಟು, ಗಿಟಾರ್ ಒಂದು ಹೆಜ್ಜೆ ಮುಂದೆ. ಕಪ್ ಸಣ್ಣದು ಅನ್ನೋದೊಂದೇ ತಕರಾರು, ದೊಡ್ಡ ಕಿವಿಯವರಿಗೆ ಒಂದು ಗಂಟೆಯಾದ ಮೇಲೆ ಒತ್ತುತ್ತದೆ. ಆನ್‌ಲೈನ್‌ನಲ್ಲಿ ಎಂ50ಎಕ್ಸ್‌ನ ನಕಲಿಗಳೂ ಓಡಾಡುತ್ತವೆ. ಅಸಲಿಯಲ್ಲಿ ಕೇಬಲ್ ತೂರಿಸಿ ತಿರುಗಿಸಿದರೆ ಲಾಕ್ ಆಗಿ ಕೂರುತ್ತದೆ. ಎಳೆದ ಕೂಡಲೇ ಕೈಗೆ ಬಂದರೆ ಅನುಮಾನ ಪಡಿ.

ಇನ್ನೊಂದು ಕಡೆ ಜರ್ಮನಿಯ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ. ಆರಾಮದಲ್ಲಿ ಇದನ್ನು ಮೀರಿಸೋದು ಕಷ್ಟ, 80 ಮತ್ತು 250 ಓಮ್‌ನದಕ್ಕೆ ಬೂದು ಬಣ್ಣದ ಮಖಮಲ್ಲಿನಂಥ ವೆಲೂರ್ ಪ್ಯಾಡ್ ಇರುತ್ತದೆ, ಏಪ್ರಿಲ್‌ನಲ್ಲೂ ಕಿವಿ ಬೇಯುವುದಿಲ್ಲ. ಕೆಳಗಿನ ಬೇಸ್ ಆಳಕ್ಕೆ ಇಳಿಯುತ್ತದೆ, ಡೂಮ್ ಕೇಳುವವರಿಗೆ ಹಬ್ಬ. ಆದರೆ 8 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಟ್ರೆಬಲ್ ಎದ್ದು ನಿಂತಿದೆ. ಡ್ರಮ್ಮರ್ ಚೈನಾ ಸಿಂಬಲ್ ಬಾರಿಸಿದಾಗಲೆಲ್ಲ ಕಣ್ಣು ಕಿರಿದಾಗುತ್ತದೆ. ಜೊತೆಗೆ ಗಿಟಾರ್ ಎಂ40ಎಕ್ಸ್‌ನಷ್ಟು ಹತ್ತಿರ ಬರುವುದಿಲ್ಲ. ಈಕ್ವಲೈಸರ್ (ಬೇಸ್, ಟ್ರೆಬಲ್ ಏರಿಸಿ ಇಳಿಸುವ ಸಾಧನ) ಬಳಸುವ ತಾಳ್ಮೆ ಇದ್ದರೆ ಡಿಟಿ 770, ಇಲ್ಲದಿದ್ದರೆ ಎಂ40ಎಕ್ಸ್. ಮಾಮೂಲಿ 770 ಪ್ರೊನ ಕೇಬಲ್ ಬಿಚ್ಚುವುದಕ್ಕೆ ಬರುವುದಿಲ್ಲ ಅನ್ನೋದು ನೆನಪಿರಲಿ, ಕುರ್ಚಿಯ ಗಾಲಿ ಅದರ ಮೇಲೆ ಹಾಯ್ದರೆ ಸೋಲ್ಡರಿಂಗ್ ಮಾಡುವವರನ್ನು ಹುಡುಕಬೇಕು.

ಸೋನಿ ಎಂಡಿಆರ್-7506 ಹಳೆ ಸ್ಟುಡಿಯೋ ಕುದುರೆ, 1991ರಿಂದ ಇದೆ. ಪ್ರತಿಯೊಂದು ಪಿಕ್ ಏಟೂ ಕೇಳುತ್ತದೆ, ರೆಕಾರ್ಡಿಂಗ್‌ನ ಎಲ್ಲ ಕೊಳಕೂ ಕೇಳುತ್ತದೆ. ಕೆಲಸಕ್ಕೆ ಒಳ್ಳೆಯದು, ಸುಮ್ನೆ ಕೂತು ಕೇಳೋಕೆ ನನಗೆ ಒಗ್ಗಲಿಲ್ಲ.

ಓಪನ್‌ಗೆ ಬಂದರೆ, ಮೆಟಲ್ ಕೇಳುವವರಲ್ಲಿ ಗ್ರಾಡೋ ಅನ್ನೋದೊಂದು ಪಂಥ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾಡುವ ಎಸ್‌ಆರ್80ಎಕ್ಸ್ ನೋಡೋಕೆ ಹಳೆ ಕಾಲದ ಟೆಲಿಫೋನ್ ಆಪರೇಟರ್ ಹಾಕಿಕೊಂಡ ಹಾಗಿದೆ. ಬೇಸ್ ಕೆಳಗೆ ಹೋದಂತೆ ಕರಗಿಬಿಡುತ್ತದೆ, ಸ್ಪಂಜಿನ ಪ್ಯಾಡ್ ಕಿವಿಗೆ ತುರಿಸುತ್ತದೆ, ಆದರೆ ಥ್ರ್ಯಾಶ್ ರಿಫ್ ಒಂದು ಹಾಕಿ ನೋಡಿ. ಪಾಮ್ ಮ್ಯೂಟ್ ಮಾಡಿದ (ಅಂಗೈ ತಾಗಿಸಿ ಸದ್ದು ತಡೆದ) ತಂತಿ 'ಜುಗ್‌-ಜುಗ್' ಅಂತ ಒಂದೊಂದೇ ಕತ್ತರಿಸಿ ಬೀಳುತ್ತದೆ, ಪ್ರತಿ ಏಟಿನ ಶುರುವಿಗೆ ಪಿಕ್ ತಂತಿಗೆ ಉಜ್ಜಿದ 'ಕ್ರ್' ಕೂಡ ಕೇಳುತ್ತದೆ, ಎರಡು ಏಟಿನ ನಡುವಿನ ಮೌನವೂ ಕೇಳುತ್ತದೆ. ಬೇಸ್ ಉಬ್ಬಿದ ಹೆಡ್‌ಫೋನ್‌ನಲ್ಲಿ ಅದೇ ಜಾಗ 'ಧುಮ್ಮ್ಮ್' ಅಂತ ಒಂದೇ ಸದ್ದು. ಈ ಒಂದು ವ್ಯತ್ಯಾಸ ಕಿವಿಗೆ ಬಿತ್ತು ಅಂದರೆ ಮುಂದೆ ಯಾವ ರಿವ್ಯೂನೂ ಓದಬೇಕಾಗಿಲ್ಲ. ಆದರೂ ಒಂದೇ ಹೆಡ್‌ಫೋನ್ ಕೊಳ್ಳುವವರಿಗೆ ಗ್ರಾಡೋ ಹೇಳಲಾರೆ. ಅದು ಎರಡನೆಯದಾಗಿ ಇಟ್ಟುಕೊಳ್ಳುವ ಮಾಲು.

ಒಂದೇ ಓಪನ್ ಸಾಕು ಅನ್ನೋರಿಗೆ ಸೆನ್‌ಹೈಸರ್ ಎಚ್‌ಡಿ 560ಎಸ್. 2020ರಲ್ಲಿ ಬಂದದ್ದು, 120 ಓಮ್, ತೂಕ ಕಡಿಮೆ. ಬೇಸ್ ಸಾಕಷ್ಟು ಕೆಳಗೆ ಇಳಿಯುತ್ತದೆ, ಮಧ್ಯಭಾಗ ಸ್ವಚ್ಛ. ಟ್ರೆಬಲ್ ಸ್ವಲ್ಪ ಚುರುಕು, ಕೆಟ್ಟ ರೆಕಾರ್ಡಿಂಗ್‌ಗೆ ಕರುಣೆ ತೋರಿಸುವುದಿಲ್ಲ. ಅದಕ್ಕಿಂತ ಹಿರಿಯ, 1997ರ ಎಚ್‌ಡಿ 600 ಮಧ್ಯಭಾಗದಲ್ಲಿ ಇನ್ನೂ ಸೊಗಸು, ಆದರೆ ಬೇಸ್ ಕೆಳಗೆ ಸಾಲದು, ಅದರ 300 ಓಮ್‌ಗೆ ಫೋನ್ ಏದುಸಿರು ಬಿಡುತ್ತದೆ. ನಮ್ಮೂರಲ್ಲಿ ಒಂದು ಅನುಕೂಲವಂತೂ ಇದೆ. ಮನೆಯಲ್ಲಿ ಅಪ್ಪನೋ ಅಜ್ಜನೋ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಕೇಳುವವರಾಗಿದ್ದರೆ ಎಚ್‌ಡಿ 600 ಇಬ್ಬರಿಗೂ ಆಗುತ್ತದೆ, ಮನುಷ್ಯರ ದನಿ ಅದರಲ್ಲಿ ಅಷ್ಟು ಸಹಜ. ಖರ್ಚಿಗೆ ಅರ್ಧ ದುಡ್ಡು ಅವರ ಹತ್ತಿರ ವಸೂಲಿ ಮಾಡಬಹುದು, ಆಮೇಲೆ ಹೆಡ್‌ಫೋನ್ ವಾಪಸ್ ಸಿಗುತ್ತದೆ ಅನ್ನೋ ಭರವಸೆ ಮಾತ್ರ ಇಟ್ಟುಕೊಳ್ಳಬೇಡಿ.

ದುಡ್ಡು ಕಡಿಮೆ ಇದ್ದವರು ನಿರಾಸೆ ಪಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ ವಿದ್ಯಾರ್ಥಿಗಳಿಗೆ ನನ್ನ ಮೊದಲ ಶಿಫಾರಸು ದೊಡ್ಡ ಹೆಡ್‌ಫೋನೇ ಅಲ್ಲ, ಕಿವಿಯೊಳಗೆ ಕೂರುವ ವೈರ್‌ನ ಐಇಎಂ. ಮೂನ್‌ಡ್ರಾಪ್ ಚು, ಸೆವೆನ್‌ಹರ್ಟ್ಸ್ ಝೀರೋ ಇಂಥವು ಕೆಲವೇ ಸಾವಿರಕ್ಕೆ ಕೊಡುವ ಸ್ಪಷ್ಟತೆ, ಅದೇ ಬೆಲೆಯ ದೊಡ್ಡ ಹೆಡ್‌ಫೋನ್ ಕೊಡುವುದಿಲ್ಲ. ಝೀರೋದಲ್ಲಿ ಎರಡಿವೆ. ಮೊದಲನೆಯದು ಸಪೂರ, ಥ್ರ್ಯಾಶ್‌ಗೆ ಚೆನ್ನ. 'ಝೀರೋ 2'ರಲ್ಲಿ ಬೇಸ್ ಜಾಸ್ತಿ, ಡೆತ್ ಮೆಟಲ್ ಕೇಳುವವರು ಇದನ್ನೇ ತಗೊಳ್ಳಿ. ಇನ್ನೊಂದಿಷ್ಟು ಹಾಕಬಹುದಾದರೆ ಟ್ರೂಥಿಯರ್ ಹೆಕ್ಸಾ, ದಟ್ಟ ಹಾಡಿನಲ್ಲಿ ಪದರ ಪದರ ಬಿಡಿಸಿ ಕೊಡುತ್ತದೆ, ಆದರೆ ಗುದ್ದು ಕಡಿಮೆ. ಐಇಎಂ ಹಾಕಿ 'ಬೇಸೇ ಇಲ್ಲ' ಅನ್ನುವವರಲ್ಲಿ ಬಹಳ ಮಂದಿಗೆ ರಬ್ಬರ್ ಟಿಪ್‌ನ ಅಳತೆ ಸರಿ ಇರುವುದಿಲ್ಲ. ಡಬ್ಬಿಯಲ್ಲಿರುವ ಎಲ್ಲ ಟಿಪ್ ಹಾಕಿ ನೋಡಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಬೇಕಾಗಬಹುದು.

ಕಾಸ್ ಕಂಪನಿಯ ಪೋರ್ಟಾ ಪ್ರೊ ಹೆಡ್‌ಫೋನ್ ಬಗ್ಗೆ ಒಂದು ಮಾತು. 1984ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ, ಮಡಚಿ ಜೇಬಿಗೆ ಹಾಕಬಹುದು, 80ರ ದಶಕದ ಮೆಟಲ್ ಇದರಲ್ಲಿ ಕೇಳೋದೇ ಒಂದು ಮಜಾ. ಸದ್ದು ಹೊರಗೆ ಸೋರುತ್ತದೆ.

ಬ್ಲೂಟೂತ್ ಬೇಕೇ ಬೇಕು ಅನ್ನೋರಿಗೆ

ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವವರಿಗೆ ಇದು ನಿಜವಾದ ಪ್ರಶ್ನೆ, ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ವೈರ್ ಸಂಭಾಳಿಸೋದು ಕಿರಿಕಿರಿ. ಬಸ್ಸಿನ ಇಂಜಿನ್, ಎಸಿಯ ಮೊರೆತ ಎಲ್ಲ ಕೆಳಗಿನ ಸದ್ದು, ಒಂದೇ ಸಮನೆ ಬರುವಂಥದ್ದು. ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್‌ಗೆ ಇಂಥದ್ದೇ ಸಲೀಸು. ಪಕ್ಕದ ಸೀಟಿನವರ ಫೋನ್ ಮಾತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ4 ಸದ್ದು ಅಡಗಿಸುವುದರಲ್ಲಿ ಗಟ್ಟಿಗ, ಆದರೆ ಡಬ್ಬಿಯಿಂದ ತೆಗೆದ ಹಾಗೇ ಕೇಳಿದರೆ ಬೇಸ್ ಬಂದು ಗಿಟಾರ್‌ನ ಮೇಲೆ ಕೂತಿರುತ್ತದೆ. ಆ್ಯಪ್‌ಗೆ ಹೋಗಿ ಬೇಸ್ ಇಳಿಸಿ. ಆಗ ಮೆಟಲ್‌ಗೆ ಯೋಗ್ಯವಾಗುತ್ತದೆ.

ಕೋಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಬಗ್ಗೆ ಜಗಳ ಆಡುವವರು ತುಂಬ. ಎಲ್‌ಡಿಎಸಿ ಅನ್ನೋ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸುತ್ತದೆ ಅನ್ನೋದು ನಿಜ, ಐಫೋನ್‌ನಲ್ಲಿ ಅದು ಇಲ್ಲ ಅನ್ನೋದೂ ನಿಜ. ಆದರೆ ಓಡುವ ಬಸ್ಸಿನಲ್ಲಿ ಆ ವ್ಯತ್ಯಾಸ ಹುಡುಕುವವರಿಗೆ ನನ್ನ ನಮಸ್ಕಾರ. ಕೋಡೆಕ್‌ಗೆ ಕೊಡುವ ಗಮನದ ಕಾಲು ಭಾಗ ಈಕ್ವಲೈಸರ್‌ಗೆ ಕೊಟ್ಟರೆ ಲಾಭ ಜಾಸ್ತಿ. ಬೈಕ್ ಓಡಿಸುವಾಗ ಯಾವುದೂ ಬೇಡ, ಅದರಲ್ಲಿ ಚರ್ಚೆಯಿಲ್ಲ.

ಆಂಪ್, ಡಾಂಗಲ್, ಈಕ್ವಲೈಸರ್

ಈಗಿನ ಬಹಳಷ್ಟು ಫೋನ್‌ಗಳಲ್ಲಿ 3.5 ಎಂಎಂ ತೂತೇ ಇಲ್ಲ, ಹೆಡ್‌ಫೋನ್ ವೈರ್ ಸಿಕ್ಕಿಸೋಕೆ ಟೈಪ್-ಸಿ ಡಾಂಗಲ್ ಬೇಕು. ಓಮ್ ಕಡಿಮೆ ಇರುವ ಎಂ40ಎಕ್ಸ್, ಗ್ರಾಡೋ, ಐಇಎಂಗಳಿಗೆ ಸಾದಾ ಡಾಂಗಲ್ ಸಾಕು. ಆಪಲ್‌ನ ಡಾಂಗಲ್ ಚೆನ್ನಾಗಿದೆ, ಆದರೆ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ಸದ್ದು ಏರುವುದೇ ಇಲ್ಲ, ಆಂಡ್ರಾಯ್ಡ್‌ನವರು ಬೇರೆಯದು ನೋಡಿ. 250, 300 ಓಮ್‌ನವನ್ನು ಕೊಳ್ಳುವವರು ಆಂಪ್‌ನ (ಹೆಡ್‌ಫೋನ್‌ಗೆ ಹೆಚ್ಚಿನ ಶಕ್ತಿ ಕೊಡುವ ಪೆಟ್ಟಿಗೆ) ಖರ್ಚನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಿ. ಓಮ್ ಒಂದನ್ನೇ ನೋಡಿದರೆ ಸಾಲದು, ಸೆನ್ಸಿಟಿವಿಟಿಯನ್ನೂ (ಕೊಟ್ಟ ಶಕ್ತಿಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನೋದು) ನೋಡಬೇಕು. ಹೈಫೈಮ್ಯಾನ್‌ನ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್‌ಗಳಲ್ಲಿ ಓಮ್ ಕಡಿಮೆ ಇದ್ದರೂ ಫೋನ್‌ನಿಂದ ಸದ್ದು ಸಪ್ಪೆ ಬರುವುದು ಇದಕ್ಕೇ.

ಈಕ್ವಲೈಸರ್‌ಗೆ ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್, ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ. ಎರಡಕ್ಕೂ ಆಟೋಇಕ್ಯು ಅನ್ನೋ ಉಚಿತ ಸಂಗ್ರಹದಲ್ಲಿ ನೂರಾರು ಹೆಡ್‌ಫೋನ್‌ಗಳ ಸೆಟ್ಟಿಂಗ್ ಸಿಗುತ್ತವೆ. ಅದೆಲ್ಲ ಬೇಡ ಅನ್ನೋರು 200 ಹರ್ಟ್ಸ್ ಆಸುಪಾಸಿನಲ್ಲಿ ಎರಡು-ಮೂರು ಡೆಸಿಬೆಲ್ ಇಳಿಸಿ ನೋಡಿ. ಅಗ್ಗದ ಹೆಡ್‌ಫೋನ್‌ನ ಮಬ್ಬು ಅರ್ಧ ಅಲ್ಲೇ ಇರುತ್ತದೆ.

ಕೆಲವು ರೆಕಾರ್ಡಿಂಗ್‌ಗಳನ್ನು ಯಾವ ಹೆಡ್‌ಫೋನೂ ಉಳಿಸುವುದಿಲ್ಲ. ಮೆಟಾಲಿಕಾದ 1988ರ 'ಆಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಅನ್ನುವಷ್ಟು ಕಡಿಮೆ, ಮಿಕ್ಸ್ ಮಾಡಿದ್ದೇ ಹಾಗೆ. ಅದೇ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಎಷ್ಟು ಜೋರಾಗಿ ಮಾಸ್ಟರ್ ಆಗಿದೆ ಅಂದರೆ ಸದ್ದು ಒಡೆಯುತ್ತದೆ. ಹೊಸ ಹೆಡ್‌ಫೋನ್ ತಂದು ಮೊದಲು ಇವನ್ನೇ ಹಾಕಿ 'ಪೀಸ್ ಡಿಫೆಕ್ಟ್' ಅಂತ ವಾಪಸ್ ಕಳಿಸಬೇಡಿ.

ಕೊಳ್ಳೋ ಮೊದಲು

ನಮ್ಮ ಕಡೆಯ ಕಷ್ಟ ಅಂದರೆ ಇವುಗಳಲ್ಲಿ ಬಹುತೇಕ ಮಾಡೆಲ್‌ಗಳನ್ನು ಹಾಕಿ ನೋಡಿ ಕೊಳ್ಳುವ ಅವಕಾಶ ಕಡಿಮೆ. ಹುಬ್ಬಳ್ಳಿಯಲ್ಲಾದರೆ ಸಂಗೀತ ವಾದ್ಯ, ಸ್ಟುಡಿಯೋ ಸಾಮಾನು ಮಾರುವ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ, ಮೊಬೈಲ್ ಅಂಗಡಿಗಿಂತ ಅಲ್ಲಿ ಮಾನಿಟರ್ ಹೆಡ್‌ಫೋನ್ ಸಿಗುವ ಸಾಧ್ಯತೆ ಜಾಸ್ತಿ. ಗದಗ, ಹಾವೇರಿಯವರು ಹೆಚ್ಚಾಗಿ ಆನ್‌ಲೈನನ್ನೇ ನಂಬಬೇಕು. ಹಾಗಿದ್ದರೆ ಬೆಲೆಗಿಂತ ಮೊದಲು ವಾಪಸಾತಿ ನಿಯಮ ಓದಿ. ಡಬ್ಬಿ ತೆರೆದರೆ ವಾಪಸ್ ಇಲ್ಲ ಅನ್ನೋ ಕಡೆ ಕೊಳ್ಳಬೇಡಿ. ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ.

ಅಂಗಡಿಯಲ್ಲಿ ಹಾಕಿ ನೋಡುವ ಅವಕಾಶ ಸಿಕ್ಕರೆ ಅವರ ಡೆಮೋ ಹಾಡು ಬಿಡಿ, ನಿಮ್ಮ ಫೋನಿನಲ್ಲಿ ಡೌನ್‌ಲೋಡ್ ಮಾಡಿಕೊಂಡ, ನಿಮಗೆ ಬಾಯಿಪಾಠವಾದ ಹಾಡು ಹಾಕಿ. ಡಬಲ್ ಬೇಸ್ ಮತ್ತು ರಿಫ್ ಒಟ್ಟಿಗೆ ಬರುವ ಜಾಗಕ್ಕೆ ನೇರ ಹೋಗಿ. ಸದ್ದು ಕಡಿಮೆ ಇಟ್ಟು ಕೇಳಿ, ಜೋರಾಗಿ ಇಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಕನ್ನಡಕ ಇದ್ದವರು ಕನ್ನಡಕ ಹಾಕಿಯೇ ನೋಡಿ. ಅದರ ಕಡ್ಡಿ ಪ್ಯಾಡ್‌ನಲ್ಲಿ ಸಂದು ಮಾಡುತ್ತದೆ, ಕ್ಲೋಸ್ಡ್ ಹೆಡ್‌ಫೋನ್‌ನ ಬೇಸ್ ಆ ಸಂದಿನಿಂದಲೇ ಸೋರಿ ಹೋಗುತ್ತದೆ. ಕಪ್ಪನ್ನು ಕೈಯಿಂದ ಮೆಲ್ಲಗೆ ಒತ್ತಿ, ಬೇಸ್ ತಟ್ಟನೆ ಜಾಸ್ತಿಯಾದರೆ ಅದು ನಿಮ್ಮ ತಲೆಗೆ ಸರಿ ಕೂತಿಲ್ಲ.

ನಮ್ಮ ಬೇಸಿಗೆಗೆ ರೆಗ್ಸಿನ್ ತರದ ಪ್ಯಾಡ್‌ಗಳು ಒಂದೆರಡು ವರ್ಷದಲ್ಲಿ ಸಿಪ್ಪೆ ಏಳಲು ಶುರುವಾಗುತ್ತವೆ. ಎಂ40ಎಕ್ಸ್, ಎಂ50ಎಕ್ಸ್, 7506 ಮೂರಕ್ಕೂ ಹೊರಗಿನ ಕಂಪನಿಗಳ ಪ್ಯಾಡ್ ಸುಲಭವಾಗಿ ಸಿಗುತ್ತವೆ. ಆದರೆ ಪ್ಯಾಡ್ ಬದಲಾದರೆ ಸದ್ದೂ ಬದಲಾಗುತ್ತದೆ, ದಪ್ಪ ಪ್ಯಾಡ್ ಹಾಕಿ 'ಹೆಡ್‌ಫೋನ್ ಹಾಳಾಯ್ತು' ಅನ್ನಬೇಡಿ.

ಕಿವಿಯ ವಿಷಯ ಹೇಳಲೇಬೇಕು, ಯಾಕಂದರೆ ಮೆಟಲ್ ಕೇಳುವವರು ಸದ್ದು ಏರಿಸುತ್ತಲೇ ಹೋಗುತ್ತಾರೆ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಲೆಕ್ಕ 85 ಡೆಸಿಬೆಲ್‌ಗೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 94ಕ್ಕೆ ಒಂದೇ ಗಂಟೆ, 100ಕ್ಕೆ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹಾಡು ಕೇಳುವವರಿಗೆ ಹೇಳುವುದು ಇನ್ನೂ ಬಿಗಿ, 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಬಸ್ಸಿನಲ್ಲಿ ಓಪನ್ ಹೆಡ್‌ಫೋನ್ ಹಾಕಿದವರು ಇಂಜಿನ್ ಸದ್ದು ಮೀರಿಸೋಕೆ ಎಷ್ಟು ಏರಿಸುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಹೊರಗಿನ ಸದ್ದು ತಡೆಯುವ ಐಇಎಂ ಆದರೆ ಅಷ್ಟೇ ಸ್ಪಷ್ಟತೆಗೆ ಅರ್ಧ ವಾಲ್ಯೂಮ್ ಸಾಕಾಗುತ್ತದೆ.

ಹಾಗಾಗಿ ಈಗ ಯಾರಾದರೂ ಜೇಬಿನಲ್ಲಿ ದುಡ್ಡು ಇಟ್ಟುಕೊಂಡು ಕೇಳಿದರೆ ನನ್ನ ಉತ್ತರ ಇಷ್ಟು. ಪಿಜಿಯಲ್ಲಿದ್ದು ಬಸ್ಸಿನಲ್ಲಿ ಓಡಾಡುವವರಾದರೆ ಝೀರೋ 2 ಮತ್ತು ಒಂದು ಡಾಂಗಲ್, ಉಳಿದ ದುಡ್ಡು ಬ್ಯಾಂಕಿನಲ್ಲಿರಲಿ. ಮನೆಯಲ್ಲೇ ಕೂತು ಕೇಳುವವರು, ಆದರೆ ಸುತ್ತ ಮಂದಿ ಇದ್ದರೆ ಎಂ40ಎಕ್ಸ್. ಸ್ವಂತ ಕೋಣೆ ಇದ್ದರೆ ಎಚ್‌ಡಿ 560ಎಸ್. ಡೂಮ್ ಬಿಟ್ಟು ಬೇರೆ ಕೇಳದ ಒಬ್ಬಿಬ್ಬರು ಈ ಊರಲ್ಲೂ ಇದ್ದೀರಿ ಅಂತ ಗೊತ್ತು, ನೀವು 80 ಓಮ್‌ನ ಡಿಟಿ 770 ತಗೊಂಡು ಟ್ರೆಬಲ್ ಇಳಿಸಿಕೊಳ್ಳಿ.